ರಾಘವರಿಗೆ ದಕ್ಕಿದ ಒಂದೇ ಚಿತ್ರಕಥೆ

ಬಳ್ಳಾರಿ ರಾಘವರ ಹೆಸರು ಕೇಳದವರು ನಮ್ಮೂರಲ್ಲಿಲ್ಲ. ಅವರ ಹೆಸರಿನ ರಾಘವ ಕಲಾಮಂದಿರವೇ ಇದೆ. ಆದರೆ ಅವರು ಮೂರು ತೆಲುಗು ಸಿನಿಮಾಗಳಲ್ಲಿ ನಟಿಸಿದ್ದರು ಎಂದರೆ ರಂಗಾಸಕ್ತರೂ ಹುಬ್ಬೇರಿಸುತ್ತಾರೆ. ಗೊತ್ತಿದ್ದವರು, ರಂಗದ ಮಹಾನಟ ತೆರೆಗೆ ಒಗ್ಗಲಿಲ್ಲ ಎಂದು ಮಾತು ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಅವರನ್ನು ಸೋಲಿಸಿದ್ದು ಅವರ ಕೈಗೆ ಕೊಟ್ಟ ಬರವಣಿಗೆ.

ರಾಘವರು ಬೆಳೆದದ್ದೇ ನಾಟಕ ಬರೆಯುವವರ ನಡುವೆ. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಲೇ ಸರಸ ವಿನೋದಿನಿ ಸಭಾ ಎಂಬ ನಾಟಕ ತಂಡ ಕಟ್ಟಿದವರು. ಅದೇ ಊರಲ್ಲಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಇತ್ತು. ಎಂಥ ದುಃಖದ ಸನ್ನಿವೇಶವಾದರೂ ರಾಗ ಎಳೆದು ಪದ್ಯ ಹಾಡುವುದು ಆಗಿನ ರೂಢಿ. ರಾಘವರು ಅದನ್ನು ಬಿಟ್ಟು ಆಡುವ ಮಾತನ್ನು, ಮುಖದ ಭಾವವನ್ನು ನಂಬಿದರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ಪಟ್ಟು ಹಿಡಿದರು. ಇಂಥ ನಟ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿರಬೇಕಿತ್ತು.

1936ರ ‘ದ್ರೌಪದಿ ಮಾನಸಂರಕ್ಷಣಂ’ನಲ್ಲಿ ಅವರು ದುರ್ಯೋಧನ. ಆಗ ವಯಸ್ಸು 55ರ ಆಸುಪಾಸು. ಅದೇ ವರ್ಷ, ಅದೇ ಕಥೆಯ ‘ದ್ರೌಪದಿ ವಸ್ತ್ರಾಪಹರಣಂ’ ಬಂದು ಗೆದ್ದಿತು, ಇದು ಬಿತ್ತು. ಆಗಿನ ಪೌರಾಣಿಕ ಟಾಕಿಗಳು ನಿಂತಿದ್ದೇ ಪದ್ಯ, ಹಾಡುಗಳ ಮೇಲೆ. ರಂಗದಲ್ಲಿ ಬಿಟ್ಟುಬಂದದ್ದೇ ತೆರೆಯ ಮೇಲೆ ಅವರಿಗೆ ಎದುರಾಯಿತು.

ಮೂರು ವರ್ಷಕ್ಕೆ, 1939ರಲ್ಲಿ, ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ‘ರೈತುಬಿಡ್ಡ’ ಬಂತು. ಇಲ್ಲಿ ಕಿರೀಟವಿಲ್ಲ, ಗದೆಯಿಲ್ಲ. ರಾಘವರು ನರಸಿರೆಡ್ಡಿ ಎಂಬ ಸಣ್ಣ ರೈತ. ಸಾಲದಲ್ಲಿ ಸಿಕ್ಕಿಬಿದ್ದವನು, ಚುನಾವಣೆಯಲ್ಲಿ ಜಮೀನ್ದಾರರ ಕಡೆ ನಿಲ್ಲದೆ ಪಾಡು ಪಡುವವನು. ಚಿತ್ರದಲ್ಲಿ ಕೊರತೆ ಇಲ್ಲದಿಲ್ಲ. ನಡುವೆ ಬರುವ ವೇದಾಂತಂ ರಾಘವಯ್ಯನವರ ಕೂಚಿಪುಡಿ ನೃತ್ಯ ಎಷ್ಟು ಚೆಂದವೋ ಕಥೆಗೆ ಅಷ್ಟೇ ಭಾರ. ಆದರೂ ಮನೆಯ ಹಿರಿಯನ ಮಾನ, ಸಾಲಗಾರನ ಅಂಜಿಕೆ ಎರಡನ್ನೂ ಒಂದೇ ಪಾತ್ರಕ್ಕೆ ಕೊಟ್ಟ ಬರವಣಿಗೆ ಇದು. ರಾಘವರಿಗೆ ಬೇಕಿದ್ದದ್ದು ಅಷ್ಟೇ.

ಸಂಭಾಷಣೆ ಬರೆದವರು ತ್ರಿಪುರನೇನಿ ಗೋಪಿಚಂದ್. ಅವರೂ ಸಿನಿಮಾದಲ್ಲಿ ಏಳುಬೀಳು ಕಂಡವರೇ. ಮುಂದೆ ನಿರ್ದೇಶಕರೂ ಆದರು. ಆದರೆ ಹೆಸರು ಉಳಿದದ್ದು ಕಾದಂಬರಿಗಳಿಂದ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1963ರಲ್ಲಿ, ಅವರು ತೀರಿಕೊಂಡ ಮೇಲೆ.

‘ರೈತುಬಿಡ್ಡ’ ತಯಾರಿಸಿದ ಸಾರಥಿ ಸಂಸ್ಥೆಯ ಬೆನ್ನಿಗಿದ್ದವರು ಚಲ್ಲಪಲ್ಲಿಯ ಜಮೀನ್ದಾರರು. ಚಿತ್ರವನ್ನು ವಿರೋಧಿಸಿದವರು ಬೊಬ್ಬಿಲಿ, ವೆಂಕಟಗಿರಿಯ ಜಮೀನ್ದಾರರು. ಕೆಲವು ಕಡೆ ಪ್ರದರ್ಶನಕ್ಕೆ ತಡೆ ಬಿತ್ತು. ರಾಘವರಿಗೆ ತಕ್ಕ ಪಾತ್ರ ಸಿಕ್ಕಾಗಲೇ ನೋಡುವವರ ದಾರಿಗೆ ಅಡ್ಡ ಬಂದದ್ದು ನನ್ನನ್ನು ಈಗಲೂ ಕಾಡುತ್ತದೆ. 1940ರಲ್ಲಿ ಕಣ್ಣಾಂಬ ಅವರೊಂದಿಗೆ ‘ಚಂಡಿಕ’ ಮಾಡಿದರು. ಅಲ್ಲಿಗೆ ಅವರ ಸಿನಿಮಾ ಮುಗಿಯಿತು. 1946ರ ಏಪ್ರಿಲ್ 16ರಂದು ತೀರಿಕೊಂಡರು.

ಆಗಸ್ಟ್ 2 ರಾಘವರು ಹುಟ್ಟಿದ ದಿನ. ಆ ದಿನ ಹಾರ, ಭಾಷಣಗಳ ಜೊತೆಗೆ ಕಲಾಮಂದಿರದಲ್ಲಿ ‘ರೈತುಬಿಡ್ಡ’ ತೋರಿಸಿ. ಸಿರುಗುಪ್ಪದ ಭತ್ತದ ರೈತರನ್ನು, ಕುರುಗೋಡಿನವರನ್ನು ಕರೆಯಿರಿ. ನಮ್ಮ ಗಡಿಯಲ್ಲಿ ತೆಲುಗು ಯಾರಿಗೂ ಹೊಸದಲ್ಲ. ಸಾಲದ ಕಥೆಯಂತೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.