ಕ್ರೈಸ್ತ ಆರಾಧನೆಯಲ್ಲಿ ಹೀಬ್ರೂ ದೇವನಾಮ

ದೇವರಿಗೆ ಬಿರುದು ಬೇರೆ, ಹೆಸರು ಬೇರೆ. ‘ಒಡೆಯ’, ‘ಪ್ರಭು’ ಎಂಬ ಬಿರುದುಗಳನ್ನು ಯಾವ ಭಾಷೆಗಾದರೂ ಪರಿವರ್ತಿಸಬಹುದು. ಅಂಕಿತನಾಮಕ್ಕೆ ಈ ಸೌಲಭ್ಯವಿಲ್ಲ; ಅದನ್ನು ಇದ್ದಂತೆಯೇ ತರಬೇಕು, ಇಲ್ಲವೆ ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸಬೇಕು. ಹೀಬ್ರೂ ಧರ್ಮಗ್ರಂಥದ ದೇವನಾಮವನ್ನು ಕುರಿತು ಕ್ರೈಸ್ತ ಲೋಕದಲ್ಲಿ ನಡೆದುಬಂದಿರುವ ಜಿಜ್ಞಾಸೆಯ ಮೂಲ ಇಲ್ಲಿದೆ.

ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳ ಆ ನಾಮವು ಮೂಲದಲ್ಲಿ 6,800ಕ್ಕೂ ಹೆಚ್ಚು ಬಾರಿ ಬರುತ್ತದೆ. ‘ಇರು’ ಎಂಬರ್ಥದ ಧಾತುವಿನೊಡನೆ ಅದಕ್ಕಿರುವ ಸಂಬಂಧವನ್ನು ವಿಮೋಚನಕಾಂಡದ 3ನೆಯ ಅಧ್ಯಾಯವೇ ಸೂಚಿಸುತ್ತದೆ. ಯೆಹೂದ್ಯರು ಕ್ರಮೇಣ ಅದರ ಉಚ್ಚಾರಣೆಯನ್ನು ತೊರೆದು, ಆ ಅಕ್ಷರಗಳು ಬಂದೆಡೆಯಲ್ಲೆಲ್ಲ ‘ಅದೋನಾಯ್’, ಅಂದರೆ ‘ನನ್ನೊಡೆಯ’, ಎಂದು ಓದುವ ಸಂಪ್ರದಾಯವನ್ನು ನೆಲೆಗೊಳಿಸಿದರು. ಕಣ್ಣಿಗೆ ಹೆಸರು, ಕಿವಿಗೆ ಬಿರುದು. ಈ ಮೌನವು ವಿಸ್ಮೃತಿಯಲ್ಲ; ಪೂಜ್ಯಭಾವದ ಪರಾಕಾಷ್ಠೆ.

ಮುಂದೆ ಯೆಹೂದ್ಯ ವಿದ್ವಾಂಸರು ಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಅಳವಡಿಸಿದಾಗ, ಓದುವವರ ಎಚ್ಚರಿಕೆಗಾಗಿ ಆ ನಾಲ್ಕು ಅಕ್ಷರಗಳಿಗೆ ‘ಅದೋನಾಯ್’ ಶಬ್ದದ ಸ್ವರಗಳನ್ನೇ ಇತ್ತರು. ಮಧ್ಯಯುಗದ ಕ್ರೈಸ್ತ ಪಂಡಿತರು ಎರಡನ್ನೂ ಕೂಡಿಸಿ ಓದಿದ್ದರ ಫಲವೇ ‘ಯೆಹೋವ’. 1611ರ ಇಂಗ್ಲಿಷ್ ಅನುವಾದವು ಈ ರೂಪವನ್ನು ಸ್ವತಂತ್ರ ನಾಮವಾಗಿ ನಾಲ್ಕೇ ಕಡೆ ಬಳಸಿತು. 1901ರ ಅಮೆರಿಕನ್ ಪರಿಷ್ಕರಣವು ಎಲ್ಲೆಡೆಯೂ ಬಳಸಿತು. 1952ರ ಪರಿಷ್ಕರಣವು ಪುನಃ ‘ಪ್ರಭು’ ಎಂಬರ್ಥದ ಪದಕ್ಕೇ ಮರಳಿತು. ವಿದ್ವಾಂಸರು ಊಹಿಸಿದ ‘ಯಾಹ್ವೆ’ ಎಂಬ ರೂಪವನ್ನು 1966ರ ಜೆರೂಸಲೇಮ್ ಬೈಬಲ್ ಅಂಗೀಕರಿಸಿತು. ಕಥೋಲಿಕರ ಹಾಡುಗಳಲ್ಲಿಯೂ ಅದು ಕೇಳಿಬಂದಿತು. 2008ರ ಜೂನ್ 29ರಂದು ವ್ಯಾಟಿಕನ್ನಿನ ಆರಾಧನಾ ವಿಭಾಗವು ಪತ್ರವೊಂದರ ಮೂಲಕ, ಆರಾಧನೆಯ ಹಾಡು ಮತ್ತು ಪ್ರಾರ್ಥನೆಗಳಲ್ಲಿ ಆ ನಾಮವನ್ನು ಉಚ್ಚರಿಸಕೂಡದೆಂದು ವಿಧಿಸಿತು.

ಈ ವಿಧಿ ಯುಕ್ತವೇ? ನಾಮದ ಪುನಃಸ್ಥಾಪನೆಯನ್ನು ಬಯಸುವವರ ವಾದದಲ್ಲಿ ಸತ್ವವಿಲ್ಲದಿಲ್ಲ. ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನು ಬಾಳನ ಪೂಜಾರಿಗಳೊಡನೆ ನಡೆಸಿದ ಸ್ಪರ್ಧೆಯನ್ನು ನೋಡಬಹುದು. ‘ಬಾಳ್’ ಎಂಬ ಶಬ್ದಕ್ಕೂ ‘ಒಡೆಯ’ನೆಂದೇ ಅರ್ಥ. ಇಬ್ಬರು ಒಡೆಯರಲ್ಲಿ ಯಾರು ದೇವರೆಂಬ ಪ್ರಶ್ನೆಗೆ ‘ಒಡೆಯನೇ ದೇವರು’ ಎಂದುತ್ತರಿಸಿದರೆ ಪ್ರಸಂಗದ ತಿರುಳೇ ಕರಗಿಹೋಗುತ್ತದೆ. ವಿಮೋಚನಕಾಂಡದ 6ನೆಯ ಅಧ್ಯಾಯದಲ್ಲಂತೂ ದೇವರು ಪ್ರಕಟಿಸುವುದು ತನ್ನ ಹೆಸರನ್ನೇ. ಅಲ್ಲಿ ಬಿರುದನ್ನಿಟ್ಟರೆ ವಾಕ್ಯವು ನಿರರ್ಥಕವಾಗುತ್ತದೆ.

ಆದರೆ ಎದುರುಪಕ್ಷದ ಪ್ರಮಾಣವು ಇದಕ್ಕಿಂತ ಆಳವಾದುದು. ಉಪಲಬ್ಧ ಗ್ರೀಕ್ ಹೊಸ ಒಡಂಬಡಿಕೆಯ ಯಾವ ಹಸ್ತಪ್ರತಿಯಲ್ಲಿಯೂ ಆ ನಾಲ್ಕು ಅಕ್ಷರಗಳಿಲ್ಲ. ಅಲ್ಲಿರುವುದು ‘ಕೂರಿಯೋಸ್’, ಒಡೆಯ. ಎಲ್ಲ ಮೊಣಕಾಲುಗಳೂ ತನಗೆ ಬಾಗುವುವೆಂದು ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ದೇವರು ಆಡಿದ ಮಾತನ್ನು, ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯವು ಯೇಸುವಿಗೆ ಅನ್ವಯಿಸಿ, ಅವನನ್ನು ‘ಕೂರಿಯೋಸ್’ ಎಂದು ಒಪ್ಪಿಕೊಳ್ಳುತ್ತದೆ. ಈ ಅನ್ವಯವನ್ನು ಸಾಧ್ಯವಾಗಿಸಿದ್ದು ಉಚ್ಚರಿಸದ ಹೆಸರಿನ ಸ್ಥಾನದಲ್ಲಿ ನಿಂತ ಬಿರುದೇ. ಹಳೆಯ ಭಾಗದಲ್ಲಿ ಹೆಸರನ್ನು ಮರಳಿಸಿ ಹೊಸ ಭಾಗದಲ್ಲಿ ಬಿರುದನ್ನುಳಿಸಿದರೆ ಎರಡನ್ನೂ ಬೆಸೆದ ಎಳೆ ತುಂಡಾಗುತ್ತದೆ.

ಕನ್ನಡದ ಓದುಗರಿಗೆ ಈ ತೊಡಕು ದೂರದ್ದಲ್ಲ. ಪ್ರಾಟೆಸ್ಟೆಂಟರ ಬಳಕೆಯ ಹಳೆಯ ಕನ್ನಡ ಅನುವಾದದಲ್ಲಿ ಪೂರ್ವಭಾಗಕ್ಕೆ ‘ಯೆಹೋವ’, ಉತ್ತರಭಾಗಕ್ಕೆ ‘ಕರ್ತ’. ನಾಮ ಉಳಿಯಿತು, ಅನುಸಂಧಾನ ಮರೆಯಾಯಿತು. ಈಚಿನ ಅನುವಾದವೊಂದು ಹಲವೆಡೆ ‘ಸರ್ವೇಶ್ವರ’ ಎಂಬ ಪದವನ್ನಿಟ್ಟಿದೆ. ಆ ಪದಕ್ಕೆ ಕನ್ನಡದಲ್ಲಿ ತನ್ನದೇ ಆದ ಭಕ್ತಿಸಂಸ್ಕಾರವಿರುವುದರಿಂದ ಅದು ಹೃದಯವನ್ನು ಸುಲಭವಾಗಿ ಮುಟ್ಟುತ್ತದೆ. ಆದರೆ ಕರ್ಮೆಲ್ ಬೆಟ್ಟದ ಆ ಹೆಸರನ್ನು ಅದು ನೆನಪಿಸಲಾರದು. ಎರಡೂ ಅನುವಾದಗಳು ಒಂದೊಂದನ್ನು ಕಾಪಾಡಿ ಇನ್ನೊಂದನ್ನು ಕಳೆದುಕೊಂಡಿವೆ.

ಆದುದರಿಂದ ಅಧ್ಯಯನದ ನಿಯಮವೂ ಆರಾಧನೆಯ ನಿಯಮವೂ ಒಂದೇ ಆಗಿರಬೇಕಾಗಿಲ್ಲ. ಗ್ರಂಥವನ್ನು ವಿಮರ್ಶಿಸುವವನಿಗೆ ಹೆಸರು ಎಲ್ಲಿದೆ, ಬಿರುದು ಎಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣಲೇಬೇಕು. ಪ್ರಾರ್ಥಿಸುವವನ ಸ್ಥಿತಿ ಬೇರೆ. ‘ಯೆಹೋವ’ ಎಂಬುದು ಎರಡು ಶಬ್ದಗಳ ಬೆರಕೆ, ‘ಯಾಹ್ವೆ’ ಎಂಬುದು ಪಂಡಿತರ ಊಹೆ. ಯಾರ ನಾಲಗೆಯಿಂದ ಆ ಹೆಸರು ಬಂದಿತೋ ಅವರೇ ಭಯಭಕ್ತಿಯಿಂದ ನುಡಿಯದೆ ಉಳಿಸಿದುದನ್ನು ಅನ್ಯರು ರಾಗಕ್ಕೆ ಹೊಂದಿಸಿ ಹಾಡುವುದರಲ್ಲಿ ಔಚಿತ್ಯವಿಲ್ಲ. 2008ರ ವಿಧಿಯು ಆರಾಧನೆಯ ಮಟ್ಟಿಗೆ ಸಾಧುವಾದುದೇ.

ಅದರಿಂದ ಭಕ್ತನಿಗೆ ನಷ್ಟವೂ ಇಲ್ಲ. ‘ಹಲ್ಲೆಲೂಯಾ’ ಎಂಬ ಘೋಷದ ಕೊನೆಯಲ್ಲಿರುವ ‘ಯಾ’ ಆ ನಾಮದ ಹ್ರಸ್ವರೂಪವೇ. ‘ಯೇಸು’ ಎಂಬ ಹೆಸರಿನ ಹೀಬ್ರೂ ಮೂಲವೂ ಅದೇ ನಾಮದಿಂದ ಮೊದಲಾಗುತ್ತದೆ. ಮುಚ್ಚಿಟ್ಟರೆಂದು ಕೆಲವರು ಪರಿತಪಿಸುವ ಹೆಸರು ಅರಿತೋ ಅರಿಯದೆಯೋ ಪ್ರತಿಯೊಬ್ಬ ಆರಾಧಕನ ಬಾಯಲ್ಲಿ ಸದಾ ಇದೆ.