ನೆಲದೊಳಗಣ ಸಾಕ್ಷ್ಯ: ಒಂದು ವಿಮರ್ಶೆ

ನೆಲದೊಳಕ್ಕೆ ವಿದ್ಯುತ್ತನ್ನು ಹರಿಯಿಸಿ ಮಣ್ಣುಕಲ್ಲುಗಳ ರೋಧವನ್ನಳೆಯುವ ಕ್ರಮವನ್ನು ಕಾನ್ರಾಡ್ ಶ್ಲಂಬರ್ಜರ್ ಅವರು ೧೯೧೨ರಲ್ಲಿ ಫ್ರಾನ್ಸಿನಲ್ಲಿ ಪ್ರಯೋಗಿಸಿದರು. ದಕ್ಷಿಣ ಬೆಂಗಳೂರಿನ ಅಂತರ್ಜಲಶೋಧನೆಗೆ ಅದರ ಉಪಯುಕ್ತತೆ ನಿರ್ವಿವಾದ: ಲಾಲ್‌ಬಾಗಿನ ಬಂಡೆಯಂತಹ ಗಟ್ಟಿ ನೈಸ್ ಶಿಲೆ ವಿದ್ಯುತ್ತನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಎಡೆಗೊಡುತ್ತದೆ. ಆದರೆ ಅಲ್ಪ ರೋಧವೊಂದನ್ನೇ ಕಂಡು ಜಲಸಮೃದ್ಧಿಯನ್ನೋ ಮಾಲಿನ್ಯವನ್ನೋ ಸಾರುವುದನ್ನು ನಾವು ಒಪ್ಪಲಾರೆವು. ಒದ್ದೆ ಜೇಡಿಮಣ್ಣೂ ಲವಣಯುಕ್ತ ಚರಂಡಿನೀರು ಸೇರಿದ ಪದರವೂ ಒಂದೇ ಅಂಕಿಯನ್ನು ಕೊಡಬಲ್ಲವು. ಸಾರಕ್ಕಿ, ಯಡಿಯೂರು ಕೆರೆಗಳ ಸುತ್ತಣ ನೆಲದಲ್ಲಿ ಹೂಳಿನ ಜೇಡಿಯೇ ಮಾಲಿನ್ಯವೆಂದೋ, ಮಾಲಿನ್ಯವೇ ಜೇಡಿಯೆಂದೋ ತೋರಬಹುದು. ಮೊದಲ ತಪ್ಪಿನಿಂದ ಹಣ ಹೋದೀತು. ಎರಡನೆಯದರಿಂದ ಆರೋಗ್ಯವೇ ಹೋದೀತು. ಒಂಟಿ ಶಾಸನದಿಂದ ಇತಿಹಾಸವನ್ನು ನಿರ್ಣಯಿಸಲಾಗದು. ಇಲ್ಲಿಯೂ ಕೆರೆಯಂಗಳದ ಹಳೆಯ ನಕ್ಷೆ, ಬಾವಿನೀರಿನ ರಾಸಾಯನಿಕ ಪರೀಕ್ಷೆ, ಮಳೆಗಾಲದ ಹಿಂದುಮುಂದಿನ ಮರುಅಳತೆ ಇವುಗಳೊಡನೆ ಕೂಡಿದಾಗಲೇ ಅಂಕಿಗೆ ಪ್ರಾಮಾಣ್ಯವುಂಟು.