ಖೋ ಕೊಟ್ಟು ಕೂರುವ ಆಟವಲ್ಲ

ಚಾಮರಾಜನಗರ, ಗುಂಡ್ಲುಪೇಟೆಯ ನಮ್ಮ ಕಡೆ ಹೆಣ್ಣುಮಕ್ಕಳ ಆಟವೆಂದರೆ ಖೋ ಖೋ. ಒಂದಿಷ್ಟು ಬಯಲು, ಎರಡು ಕಂಬ ಇದ್ದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯ ವಿಶ್ವಕಪ್ಪಿನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ನಮ್ಮ ಮಹಿಳಾ ತಂಡದಲ್ಲಿ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನಮ್ಮ ಮಣ್ಣಿಗೆ ಒಗ್ಗಿದ ಆಟ ಅದು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಅದು ಹಾಗಲ್ಲವೆಂದು ನನಗೆ ತಿಳಿದದ್ದು ತಡವಾಗಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಗುಂಡ್ಲುಪೇಟೆಯಲ್ಲಿದ್ದಾಗ ಖೋ ಖೋದಲ್ಲಿ ಪಳಗಿದ ಹುಡುಗಿಯೊಬ್ಬಳನ್ನು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹಾಕಿಕೊಂಡರು. ಚೆಂಡನ್ನು ಮುಂದಕ್ಕೆ ತಂದು ಹಂಚುವ ಕೆಲಸ ಅವಳದು. ಪಂದ್ಯಕ್ಕೆ ಚಾಮರಾಜನಗರಕ್ಕೆ ಮಕ್ಕಳನ್ನು ಕರೆದೊಯ್ಯುವ ಕೆಲಸ ನನ್ನದು. ಚೆಂಡು ಕೈಗೆ ಬಂದದ್ದೇ ತಡ, ಪಕ್ಕದವಳಿಗೆ ದಾಟಿಸಿ ನಿಂತುಬಿಡುತ್ತಿದ್ದಳು. ಗೆರೆಯಾಚೆಯಿಂದ ನಾನೂ “ಕೊಡು, ಕೊಡು” ಎಂದು ಕೂಗುತ್ತಿದ್ದೆ. ಎರಡು ಸಲ ಬ್ಯಾಸ್ಕೆಟ್ಟಿನ ಮುಂದೆ ಅವಳೊಬ್ಬಳೇ ಇದ್ದಳು, ಆಗಲೂ ಕೊಟ್ಟಳು. ಸೋತೆವು. ಬಸ್ಸಿನಲ್ಲಿ, “ಯಾಕಮ್ಮಾ ನೀನೇ ಹಾಕಲಿಲ್ಲ?” ಎಂದೆ. “ನೀವೇ ಕೊಡು ಅಂದ್ರಲ್ಲ ಮಿಸ್” ಎಂದಳು. ತೆರಕಣಾಂಬಿ ಬರುವ ತನಕ ನಾನು ಬಾಯಿ ಬಿಡಲಿಲ್ಲ.

ಖೋ ಖೋದಲ್ಲಿ ಬೆನ್ನಟ್ಟುವವಳು ಹಿಂದಕ್ಕೆ ತಿರುಗುವಂತಿಲ್ಲ. ಆದ್ದರಿಂದ ಕೊಡಲೇಬೇಕು. ಕೊಟ್ಟವಳು ಎದ್ದವಳ ಜಾಗದಲ್ಲಿ ಕೂರುತ್ತಾಳೆ, ಆ ಗಳಿಗೆಗೆ ಅವಳ ಪಾಲು ಮುಗಿಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಕೂರಲು ಜಾಗವೇ ಇಲ್ಲ. ಚೆಂಡು ಕೊಟ್ಟವಳು ಮರುಕ್ಷಣ ಖಾಲಿ ಜಾಗಕ್ಕೆ ಓಡಬೇಕು, ಚೆಂಡು ಮತ್ತೆ ತನ್ನತ್ತ ಬರಬಹುದೆಂಬ ಭಯ ಎದುರಾಳಿಗೆ ಹುಟ್ಟಿಸಬೇಕು. ಇವಳು ತಾನು ಹಾಕುವವಳೇ ಅಲ್ಲ ಎಂದು ಗೊತ್ತಾದರೆ ಕಾವಲಿನವಳು ಇವಳನ್ನು ಬಿಟ್ಟು ಉಳಿದವರ ಮೇಲೆ ಬೀಳುತ್ತಾಳೆ. ಆಗ ಹಂಚುವವಳ ಔದಾರ್ಯವೇ ತಂಡಕ್ಕೆ ಭಾರ. ಹೆಣ್ಣುಮಕ್ಕಳಿಗೆ ಕೊಡುವುದನ್ನು ಕಲಿಸುವುದು ನಮಗೆ ಕಷ್ಟವಲ್ಲ, ಮನೆಯಲ್ಲೇ ಕಲಿತು ಬಂದಿರುತ್ತಾರೆ.

ಇದೆಲ್ಲ ಮತ್ತೆ ನೆನಪಾದದ್ದು ಅಮೆರಿಕದ ಕೈಟ್ಲಿನ್ ಕ್ಲಾರ್ಕ್ ಎಂಬ ಹುಡುಗಿಯ ಆಟ ನೋಡಿ. 2024ರಲ್ಲಿ ಇಂಡಿಯಾನಾ ಫೀವರ್ ತಂಡ ಸೇರಿದ ಅವಳು ಮೊದಲ ವರ್ಷವೇ 337 ಅಸಿಸ್ಟ್ ಮಾಡಿ ಮಹಿಳೆಯರ ಲೀಗಿನಲ್ಲಿ ದಾಖಲೆ ಬರೆದಳು. ಅದೇ ವರ್ಷ 223 ಸಲ ಚೆಂಡು ಕಳೆದುಕೊಂಡಳು, ಅದೂ ದಾಖಲೆಯೇ! ಮೊದಲ ಪಂದ್ಯವೊಂದರಲ್ಲೇ ಹತ್ತು ಸಲ. ಜೊತೆಗಾರ್ತಿಯರು ತಿರುಗುವ ಮುಂಚೆಯೇ ಅವಳ ಚೆಂಡು ಬಂದಿರುತ್ತಿತ್ತು. ಮೊದಲ ಒಂಬತ್ತು ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ. ಅವಳನ್ನು ಯಾರೂ ಬೆಂಚಿಗೆ ಕೂರಿಸಲಿಲ್ಲ, ನಾವಾಗಿದ್ದರೆ ಕೂರಿಸುತ್ತಿದ್ದೆವು. ವರ್ಷದ ಕೊನೆಗೆ ಇಪ್ಪತ್ತು ಗೆಲುವು, ಇಪ್ಪತ್ತು ಸೋಲು. 2016ರ ನಂತರ ಮೊದಲ ಬಾರಿಗೆ ತಂಡ ಪ್ಲೇಆಫ್ ಮುಟ್ಟಿತು.

ಆದರೆ ಅವಳನ್ನು ಹೊಗಳುವವರ ಮೇಲೆ ನನ್ನದೊಂದು ತಕರಾರಿದೆ. ಪಡೆದವಳು ಬ್ಯಾಸ್ಕೆಟ್ಟಿಗೆ ಹಾಕಿದರೆ ಮಾತ್ರ ಕೊಟ್ಟವಳಿಗೆ ಅಸಿಸ್ಟ್ ಸಿಗುತ್ತದೆ. ಕೆಲ್ಸಿ ಮಿಚೆಲ್ 2018ರಿಂದಲೂ ಆ ತಂಡದಲ್ಲಿ ಸೋಲುಂಡು ಆಡಿದವಳು. 2024ರಲ್ಲಿ ಅವಳ ಸರಾಸರಿಯೂ ಕ್ಲಾರ್ಕಳದರಷ್ಟೇ, ಪಂದ್ಯಕ್ಕೆ 19.2 ಅಂಕ. ಹೊಸ ಸೊಸೆಯ ಕೈರುಚಿ ಹೊಗಳುವ ಭರದಲ್ಲಿ ಆರು ವರ್ಷ ಒಲೆ ಮುಂದೆ ಬೆಂದವಳ ಹೆಸರೆತ್ತದ ಮನೆಗಳಂತೆ ಈ ಲೆಕ್ಕವೂ. ಜುಲೈ 17ರಂದು ಕ್ಲಾರ್ಕ್ ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಮಾಡಿದಳು, ಅದೂ ಲೀಗಿನ ದಾಖಲೆ. ಆ ಪಂದ್ಯವನ್ನು ತಂಡ ಡಲ್ಲಾಸ್‌ಗೆ 93–101ರಿಂದ ಸೋತಿತು.

ನಮ್ಮ ಹುಡುಗಿಯ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷ ಮತ್ತೆ ಚಾಮರಾಜನಗರಕ್ಕೆ ಹೋದಾಗ ನಾನು ಬಾಯಿ ಮುಚ್ಚಿ ಕೂತೆ. ಅವಳು ತಾನೇ ಎಸೆದ ಮೊದಲ ಮೂರೂ ತಪ್ಪಿದವು. ನಾಲ್ಕನೆಯದಕ್ಕೆ ಇಬ್ಬರು ಅವಳ ಮೇಲೆ ಬಿದ್ದರು. ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದವಳಿಗೆ ಚೆಂಡು ಕೊಟ್ಟಳು, ಕೊಟ್ಟು ಓಡಿದಳು.